ಕೋತಿ ಬೇಡ, ಪದದ ಅರ್ಥ ಹೇಳಿ

೧೯೮೦ರಲ್ಲಿ ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಹಿಡಿದೆ. ದುಡಿದು ತಿಂದವನು ನಾನು, ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ತೊಂಬತ್ತೆಂಟರಲ್ಲಿ ಮಗಳಿಗಾಗಿ ನಿಲ್ಲಬೇಕಾಯಿತು. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಅವಳು ಜೀವವಿಕಾಸದ ಬಗ್ಗೆ ಮಾತನಾಡಬೇಕಿತ್ತು. ಇಂಗ್ಲಿಷಿನ ‘ಎವಲ್ಯೂಷನ್’ ಪದ ಎಲ್ಲಿಂದ ಬಂತೆಂದು ತಿಳಿಯದೆ ಒಂದು ಸಾಲೂ ಬರೆಯುವುದಿಲ್ಲ ಎಂದು ಹಟ ಹಿಡಿದಳು. ಉಳಿದಿದ್ದದ್ದು ಒಂದೇ ವಾರ.

ಡಿಗ್ರಿ ಓದಿದ ಬಾಮೈದನನ್ನು ಕೇಳಿದೆ.

“ಕೋತಿ ಮನುಷ್ಯ ಆಗಿದ್ದು ಭಾವ, ಅಷ್ಟೇ” ಎಂದ.

“ನಾನ್ ಕೇಳಿದ್ದು ಪದದ ಹುಟ್ಟು ಕಣಪ್ಪ, ನಿಮ್ಮ ವಂಶದ್ದಲ್ಲ.”

ಗೌರಿಬಿದನೂರಿನಲ್ಲಿದ್ದ ಪರಿಚಯದ ಮೇಷ್ಟ್ರ ಮನೆಗೂ ಹೋದೆ. ಅವರೂ ಕೋತಿಯಿಂದಲೇ ಶುರುಮಾಡಿದರು. ಒಂದು ದಿನದ ಕೆಲಸ ಕೆಟ್ಟಿತು. ಕೊನೆಗೆ ಚಿಂತಾಮಣಿಯ ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆಸಿದೆ. ಅಲ್ಲಿದ್ದವರು ಓದಿ ಹೇಳಿದರು: ಮೂಲ ಲ್ಯಾಟಿನ್ ಅಂತೆ, ಸುರುಳಿ ಸುತ್ತಿದ್ದನ್ನು ಬಿಚ್ಚುವುದು ಎಂದರ್ಥವಂತೆ.

ಗೆದ್ದವನ ಹಾಗೆ ಮನೆಗೆ ಬಂದು ಮಗಳಿಗೆ, “ನಾವು ಗೂಡು ಬಿಚ್ತೀವಲ್ಲ, ಹಂಗೇ ಕಣಮ್ಮ” ಎಂದೆ.

ಅವಳು ಸ್ವಲ್ಪ ಯೋಚಿಸಿದಳು. “ಗೂಡಲ್ಲಿರೋ ನೂಲೇ ತಾನೆ ಹೊರಗೆ ಬರೋದು? ಜೀವಿಗಳಲ್ಲಿ ಮೊದಲು ಇಲ್ದೇ ಇದ್ದಿದ್ದೂ ಬರ್ತದಲ್ಲಪ್ಪ. ಹಂಗಾದ್ರೆ ಈ ಪದಾನೇ ಸರಿಯಿಲ್ಲ.”

ಎರಡು ಊರು ಸುತ್ತಿ ತಂದ ಪದ. ತಲೆ ಚಚ್ಚಿಕೊಂಡೆ. ಅವಳು ಸ್ಪರ್ಧೆಯಲ್ಲೂ ಅದನ್ನೇ ಹೇಳಿದಳು, ಬಹುಮಾನ ಬರಲಿಲ್ಲ.

ಈಗ ನನಗಿರುವುದು ಗೂಡಿನ ನೂಲು ಬಿಚ್ಚುವ ಎರಡು ಚರಕ, ಒಂದು ಹೆಂಚಿನ ಮನೆ, ನಾನು ಏನು ಹೇಳಿದರೂ ಒಪ್ಪದ ಒಬ್ಬಳು ಮಗಳು.