ಒಂದೇ ಬುಟ್ಟಿಯ ಪೈರೈಟ್

ಭಾನುವಾರ, ಕರಾವಳಿ ಕಡೆಯ ಸವಣೂರು. ಐಸಮ್ಮನವರ ಹೊಸ ಬಾವಿ ತೋಡುವಾಗ ಸಿಕ್ಕ ಚಿನ್ನದಂತೆ ಹೊಳೆಯುವ ಏಳು ಪೈರೈಟ್ ಕಲ್ಲುಗಳನ್ನು ಸಂಶೋಧನೆಗೆ ಒಯ್ಯಲು ಬಂದೆ. ಆ ಹಳದಿ ಹರಳುಗಳು ನೆಲದಡಿಯ ಯಾವ ಬಿಸಿನೀರಿನಲ್ಲಿ ಬೆಳೆದವೋ ಅದರ ರಾಸಾಯನಿಕ ಗುರುತು ಅವುಗಳ ಪದರಗಳಲ್ಲಿ ಉಳಿದಿರುತ್ತದೆ. ಆಳಕ್ಕೆ ಇಳಿದಂತೆ ಅದು ಹೇಗೆ ಬದಲಾಯಿತೆಂದು ತಿಳಿದರೆ, ಅದಿರು ಹೇಗೆ ಕೂಡಿಕೊಂಡಿತೆಂದು ಹೇಳಬಹುದು. ಅದಕ್ಕೇ ಅವರ ಗಂಡನಿಗೆ ಫೋನಿನಲ್ಲಿ ಹೇಳಿ, ಕಲ್ಲುಗಳನ್ನು ಆಳದ ಪ್ರಕಾರ ಸಾಲಾಗಿ ಇಡಿಸಿದ್ದೆ.

ಈಗ ಎಲ್ಲವೂ ಒಂದೇ ಬುಟ್ಟಿಯಲ್ಲಿ ಫಳಫಳ ಹೊಳೆಯುತ್ತಿದ್ದವು.

“ದೂರದಿಂದ ಬಂದವರಿಗೆ ಕೆಸರು ಕಲ್ಲು ಕೊಡುದಾ ಮಾರಾಯ್ರೆ? ಹುಳಿ ಹಾಕಿ ತಿಕ್ಕಿದ್ದೇನೆ,” ಎಂದರು ಐಸಮ್ಮ.

“ಮೇಲಿನದು ಯಾವುದು, ಅಡಿಯದು ಯಾವುದು?”

“ಅದೆಂತಕ್ಕೆ? ಎಲ್ಲ ಒಂದೇ ಬಾವಿದಲ್ವಾ!”

ಬಾವಿಗೆ ಆಗಲೇ ಸಿಮೆಂಟ್ ರಿಂಗ್ ಇಳಿಸಿಯಾಗಿತ್ತು. ಇನ್ನೊಮ್ಮೆ ಕಲ್ಲು ತೆಗೆಯುವಂತಿರಲಿಲ್ಲ. ಆಳ ಬರೆಯಲೆಂದು ತಂದ ಏಳು ಚೀಟಿಗಳು ಜೇಬಿನಲ್ಲೇ ಉಳಿದವು.

“ಚೆಂದ ಉಂಟು,” ಎಂದು ಕಲ್ಲುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಂಡೆ.