ನೀಲವ್ವ ಅಂದು ನಮ್ಮ ಮನೆಗೆ ಬಂದಿದ್ದರು

ನನ್ನ ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಅವಳ ತಾಯಿ ನಮ್ಮ ಮನೆಗೆ ಬಂದಿದ್ದರು. ಬಂದಿರಲಿಲ್ಲ ಎಂದು ನಾನು ಆರು ವರ್ಷ ಸುಳ್ಳು ಹೇಳಿಕೊಂಡು ಬಂದೆ. ಬರೀ ಸುಳ್ಳಾಗಿದ್ದರೆ ಅದೊಂದು ಮಾತು — ಆ ತಾಯಿಯನ್ನು ತೋರಿಸಿ, ನೆಂಟರ ಎದುರು, ಕೆಲಸದವಳು ಎಂದವಳು ನಾನು. ಅದನ್ನು ಅವರು ಕೇಳಿಸಿಕೊಂಡರು.

ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದವರು. ನನ್ನ ಗಂಡ ಠಾಣೆಯ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಶುರುಮಾಡಿ ಗಲ್ಲಾದ ಮೇಲೆ ಕುಳಿತವರು. ಅಂಥ ಮನೆಯವಳಾಗಿಯೂ ನಾನು — ಇರಲಿ, ಅದನ್ನು ನೀವೇ ನೋಡುವಿರಿ.

ಮಗ ಪ್ರಶಾಂತ ವಾಗ್ಳೆ ಎಸ್ಟೇಟಿನ ಆಫೀಸೊಂದರಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ರೇಣುಕಾಳನ್ನು ಮೆಚ್ಚಿದ. ರೇಣುಕಾಳ ತಾಯಿ ನೀಲವ್ವ, ವಿಜಯಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ವಾಶಿಯ ದೊಡ್ಡ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡಿ, ತುರ್ಭೆಯ ಒಂದೇ ಕೋಣೆಯ ಮನೆಯಲ್ಲಿ ಮಗಳನ್ನು ಬೆಳೆಸಿ ಬಿ.ಕಾಂ. ಮಾಡಿಸಿದವರು. ನಾನು ಮದುವೆಗೆ ಒಪ್ಪಿದೆ. ಜಾತಿ, ದುಡ್ಡು ನೋಡದೆ ಒಪ್ಪಿದೆನೆಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಇತ್ತು. ಆದರೆ ಊರಿನ ನೆಂಟರಿಗೆ ಫೋನಿನಲ್ಲಿ, "ಹುಡುಗಿಯ ಮನೆಯವರದ್ದು ವಾಶಿಯಲ್ಲಿ ಈರುಳ್ಳಿ ವ್ಯವಹಾರ" ಎಂದೆ. ಹಾಗೆ ಹೇಳೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ತಾನಾಗಿ ಬಂತು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು — ನಾವು ಮೂವರು, ರೇಣುಕಾ, ನೀಲವ್ವ, ಒಂದಿಬ್ಬರು ಸ್ನೇಹಿತರು. ನೆಂಟರೆಲ್ಲ ಮನೆಯಲ್ಲಿ ಕಾಯುತ್ತಿದ್ದರು. ಹೊರಡುವಾಗ ನೀಲವ್ವನಿಗೆ "ನೀವೂ ಬನ್ನಿ" ಎಂದೆ. ಕಾರಿನಲ್ಲಿ ಜಾಗವಿಲ್ಲವೆಂಬುದು ಅವರಿಗೆ ಕಾಣುತ್ತಿತ್ತು. ಬಾಯಿಮಾತಿಗೆ ಕರೆದಿದ್ದೆ. ಬರಲಾರರು ಎಂದುಕೊಂಡೇ ಕರೆದಿದ್ದೆ.

ಸೊಸೆಗೆ ಆರತಿ ಎತ್ತಿದೆ. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಅವಳು ಬಲಗಾಲಿನಿಂದ ಮೆಲ್ಲನೆ ಒದ್ದು ಒಳಗೆ ಬಂದಳು. ನನ್ನ ಕಣ್ಣು ತುಂಬಿತ್ತು — ಅದು ಸುಳ್ಳಲ್ಲ. ಗಂಡಸರು ಊಟದ ವ್ಯವಸ್ಥೆಗೆಂದು ಕೆಳಗೆ ಸೊಸೈಟಿ ಹಾಲಿಗೆ ಇಳಿದರು. ರೇಣುಕಾಳನ್ನು ಸೀರೆ ಬದಲಿಸಲು ಹುಡುಗಿಯರು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ಆಗ ನೀಲವ್ವ ಬಂದರು. ಟ್ರೈನಿನ ನೂಕುನುಗ್ಗಲಿನಲ್ಲಿ ಇಳಕಲ್ ಸೀರೆ ಮುದುಡಿತ್ತು, ಹಣೆಯಲ್ಲಿ ಬೆವರು, ಕಂಕುಳಲ್ಲಿ ಸ್ಟೀಲ್ ಡಬ್ಬಿ. ಹೊಸ್ತಿಲ ಬಳಿ ಚೆಲ್ಲಿದ ಅಕ್ಕಿಯನ್ನು ಜನ ತುಳಿಯುತ್ತಿರುವುದು ಕಂಡು, ಡಬ್ಬಿ ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಸೆರಗಿಗೆ ತುಂಬತೊಡಗಿದರು. ಮಗಳು ಒದ್ದು ಬಂದ ಅಕ್ಕಿ ಕಾಲಿಗೆ ಸಿಗಬಾರದು ಎನಿಸಿರಬೇಕು.

ನನ್ನ ಗಂಡನ ಅಕ್ಕ ಸೋಫಾದಿಂದಲೇ ಕೇಳಿದರು. "ವಸಂತಿ, ಅದು ಯಾರು ಅಲ್ಲಿ ಅಕ್ಕಿ ಹೆಕ್ಕುವುದು?"

ಎಲ್ಲರೂ ತಿರುಗಿ ನೋಡಿದರು. ಈರುಳ್ಳಿ ವ್ಯವಹಾರದವರು ಎಂದು ಹೇಳಿಕೊಂಡದ್ದು ನೆನಪಾಯಿತು. ಬಿರುಕುಬಿಟ್ಟ ಆ ಬೆರಳುಗಳು —

"ಅದಾ? ಕೆಲಸಕ್ಕೆ ಬಂದದ್ದು, ಅತ್ತಿಗೆ."

ಅವರು ಎನ್ನಲಿಲ್ಲ, ಅವಳು ಎಂದೂ ಅನ್ನಲಿಲ್ಲ. ಅದು ಎಂದೆ.

ನೀಲವ್ವ ತಲೆಯೆತ್ತಿ ನನ್ನನ್ನು ನೋಡಿದರು. ಕೋಪ ಇರಲಿಲ್ಲ. ನಾನು ಹೇಳಿದ್ದನ್ನು ಅರ್ಥಮಾಡಿಕೊಳ್ಳುತ್ತಿರುವಂತೆ ಸ್ವಲ್ಪ ಹೊತ್ತು ನೋಡಿದರು. ಅತ್ತಿಗೆ, "ಹಾಗಾದರೆ ಈ ಪಾಯಸದ ಲೋಟ ತೊಳೆದು ಕೊಡಲಿ, ಸಾಲುವುದಿಲ್ಲ" ಎಂದರು. ನೀಲವ್ವ ಅಕ್ಕಿಯಿದ್ದ ಸೆರಗನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿ ಡಬ್ಬಿಯನ್ನೂ ಲೋಟಗಳನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದರು. ತೊಳೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ — ಬಿಡಿ ಎನ್ನಲಿಲ್ಲ, ಕೈ ಹಿಡಿಯಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು.

"ಶೇಂಗಾ ಹೋಳಿಗಿ ಅದಾವ್ರಿ. ನಾ ಬಂದಿದ್ದೆ ಅಂತ ಆಕಿಗೆ ಹೇಳಬ್ಯಾಡ್ರಿ" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ತಾಯಿಯನ್ನು ಆಯಿ ಎಂದು ಕರೆಯುವ ರೇಣುಕಾ ಕೋಣೆಯಿಂದ ಹೊರಬಂದವಳೇ ಕೇಳಿದ್ದು, "ಮಮ್ಮಿ, ಆಯಿ ಬಂದ್ಲಾ?" ಎಂದು. ಇಲ್ಲ ಎಂದೆ. ಹೋಳಿಗೆಯನ್ನು ನೆಂಟರಿಗೆ ಬಡಿಸಿದೆ. ಎಲ್ಲಿಂದ ತರಿಸಿದ್ದು, ಬಹಳ ರುಚಿ ಎಂದರು. ಅಂಗಡಿಯದ್ದು ಎಂದೆ.

ಇದು ಒಂದು ಗಳಿಗೆಯ ತಪ್ಪು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ನಿಜವಾದ ತಪ್ಪು ಆಮೇಲೆ, ನಿಧಾನವಾಗಿ, ದಿನದಿನವೂ ನಡೆಯಿತು. ನೀಲವ್ವ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ರೇಣುಕಾ ಬಸುರಿಯಾದಾಗ ಬರಲಿಲ್ಲ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ಬರಲಿಲ್ಲ. ಕರೆದಾಗಲೆಲ್ಲ ಕೆಲಸ ಇದೆ ಎನ್ನುತ್ತಿದ್ದರು. ರೇಣುಕಾ ಅತ್ತಳು, ಜಗಳವಾಡಿದಳು, ತುರ್ಭೆಗೆ ಹೋಗುವುದನ್ನು ಕಡಿಮೆ ಮಾಡಿದಳು, ಕೊನೆಗೆ ಬಿಟ್ಟಳು. "ಆಯಿಗೆ ನನ್ನ ಮದ್ವೆ ಪಸಂದ್ ಇಲ್ಲ ಮಮ್ಮಿ. ಛೋಡೋ. ನನಗೆ ನೀವಿದ್ದೀರಲ್ಲ" ಎಂದು ನನ್ನ ಮಡಿಲಲ್ಲಿ ತಲೆಯಿಟ್ಟಳು.

ನಾನು ಅವಳ ಕೂದಲು ನೇವರಿಸಿದೆ. ಹೇಳಲು ನಾಚಿಕೆಯಾಗುತ್ತದೆ — ನನಗೆ ಸುಖವಾಯಿತು. ನನ್ನ ಸೊಸೆ ನನಗೆ ಮಗಳಾದಳು ಎಂದು ಬಿಲ್ಡಿಂಗಿನ ಹೆಂಗಸರ ಮುಂದೆ ಹೇಳಿಕೊಂಡೆ. ಆ ಜಾಗ ಹೇಗೆ ಖಾಲಿಯಾಯಿತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಈ ಬೇಸಿಗೆಯಲ್ಲಿ ಮೊಮ್ಮಗಳು ಗೊಂಬೆಗಳನ್ನು ಹರಡಿಕೊಂಡು ಆಡುತ್ತ ಒಂದು ಮುದುಕಿ ಗೊಂಬೆಯನ್ನು ದೂರ ಕೂರಿಸಿದಳು. ಯಾಕೆ ಎಂದರೆ, "ಯೇ ತುರ್ಭೆವಾಲಿ ಅಜ್ಜಿ. ಅವಳಿಗೆ ಘಮಂಡ್ ಇದೆ" ಎಂದಳು. ಸೊಕ್ಕು! ನೀಲವ್ವನಿಗೆ!

ಮರುದಿನ ಯಾರಿಗೂ ಹೇಳದೆ ತುರ್ಭೆಗೆ ಹೋದೆ. ನೀಲವ್ವ ಆಗಷ್ಟೇ ಮಾರ್ಕೆಟ್ಟಿನಿಂದ ಬಂದು ಕಾಲು ತೊಳೆಯುತ್ತಿದ್ದರು. ಚಾಪೆ ಹಾಸಿ, ನೀರು ಕೊಟ್ಟರು. ನಾನು ತಪ್ಪಾಯಿತು ಎಂದೆ, ಇನ್ನೇನೇನೋ ಹೇಳಿದೆ — ಮಾತು ಕೂಡಿಬರಲಿಲ್ಲ. ಅವರು ಕೇಳಿಸಿಕೊಂಡರು.

"ನೀವು ಅಂದದ್ದು ಸುಳ್ಳಲ್ರಿ ಅಕ್ಕಾರ. ನಾ ಈ ಊರಿಗೆ ಬಂದದ್ದ ಕೆಲಸಕ್ಕ. ಯಾರ ಮನ್ಯಾಗ ಭಾಂಡೆ ತಿಕ್ಕಾಕೂ ನನಗ ನಾಚಿಕಿಲ್ಲ. ಆದ್ರ ಅವತ್ತೊಂದ ದಿನ ನಾ ಅವ್ವ ಆಗಿ ಬಂದಿದ್ನಿ."

ಮಗಳಿಗೆ ಎಲ್ಲ ಹೇಳುತ್ತೇನೆ ಎಂದೆ. ಅವರು ಗಾಬರಿಯಾದರು. "ಹೇಳಬ್ಯಾಡ್ರಿ. ತಿಳದ್ರ ಆಕಿ ನಿಮ್ಮ ಮನ್ಯಾಗ ಹೆಂಗ ಬಾಳ್ವಿ ಮಾಡ್ತಾಳ? ನಾ ಇಷ್ಟ ವರ್ಷ ಸುಮ್ಮ ಇದ್ದದ್ದು ಎದಕ್ಕ?"

ಮಗಳ ಸಂಸಾರಕ್ಕಾಗಿ ಮಗಳನ್ನೇ ಕಳೆದುಕೊಂಡು ಕುಳಿತಿದ್ದರು. ದಾರಿಯುದ್ದಕ್ಕೂ ಅವರ ಮಾತನ್ನು ನಡೆಸುವುದೋ ಮೀರುವುದೋ ಎಂದು ತೂಗಿದೆ. ಹೇಳಿದರೆ ನನ್ನ ಎದೆ ಹಗುರವಾಗುತ್ತದೆ ಎಂಬ ಸ್ವಾರ್ಥವೂ ಅದರಲ್ಲಿತ್ತೇನೋ. ಆದರೆ ಸುಮ್ಮನಿದ್ದರೆ ಲಾಭ ಮತ್ತೆ ನನಗೇ. ಅದು ಸ್ಪಷ್ಟವಿತ್ತು.

ಹೇಳಿದೆ. ರೇಣುಕಾ ಚಪಾತಿ ಲಟ್ಟಿಸುತ್ತಿದ್ದಳು. ಕೇಳುತ್ತ ಕೇಳುತ್ತ ಗ್ಯಾಸ್ ಆರಿಸಿದಳು.

"ಆಯಿ ಲೋಟ ತೊಳೆದ್ಲಾ?"

"ಹೌದು."

"ನೀವು ನೋಡ್ತಾ ನಿಂತಿದ್ರಾ?"

"ಹೌದು."

ಹಿಟ್ಟಿನ ಕೈಯಲ್ಲೇ ಮಗಳನ್ನು ಎತ್ತಿಕೊಂಡು ತಾಯಿಯ ಮನೆಗೆ ಹೋದಳು. ಅಂದು ಪ್ರಶಾಂತನಿಗೂ ಅವನ ಅಪ್ಪನಿಗೂ ನಾನೇ ಹೇಳಿದೆ. ಮಗ ನನ್ನ ಮುಖ ನೋಡದೆ ಎದ್ದು ತುರ್ಭೆಗೆ ಹೊರಟ. ಗಂಡ ಅಂದು ಊಟ ಮಾಡಲಿಲ್ಲ.

ಮಗುವಿನ ಶಾಲೆ ಶುರುವಾಗುವಾಗ ರೇಣುಕಾ ಹಿಂತಿರುಗಿದಳು. ನೀಲವ್ವನೇ ಕಳಿಸಿಕೊಟ್ಟರಂತೆ. ಈಗ ಪ್ರತಿ ಭಾನುವಾರ ತಾಯಿಯ ಮನೆಗೆ ಹೋಗುತ್ತಾಳೆ, ನಗುತ್ತ ಬರುತ್ತಾಳೆ. ಬಾಗಿಲು ದಾಟಿದ ಮೇಲೆ ಆ ನಗು ಇರುವುದಿಲ್ಲ. ನನ್ನೊಡನೆ ಬೇಕಾದಷ್ಟೇ ಮಾತು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಅತ್ತಿಗೆಗೂ ಫೋನ್ ಮಾಡಿ, ಅಂದು ಲೋಟ ತೊಳೆದವರು ನಮ್ಮ ಬೀಗಿತ್ತಿ ಎಂದೆ. "ಈಗ ಅದನ್ನು ಯಾಕೆ ಕೆದಕುವುದು ಮಾರಾಯ್ತಿ?" ಎಂದರು. ಹೇಳಬೇಕಿತ್ತು ಎಂದಷ್ಟೇ ಹೇಳಿ ಇಟ್ಟೆ.

ಮುಂದಿನ ತಿಂಗಳು ಮೊಮ್ಮಗಳ ಹುಟ್ಟುಹಬ್ಬ. ಊರಿನವರೆಲ್ಲ ಬರುತ್ತಾರೆ. ಮೊನ್ನೆ ನಾನು ಮತ್ತೆ ತುರ್ಭೆಗೆ ಹೋಗಿ, ಎಲೆ ಅಡಿಕೆ ಕುಂಕುಮ ಕೊಟ್ಟು ನೀಲವ್ವನನ್ನು ಕರೆದೆ. ಕುಂಕುಮವನ್ನು ಅವರು ತೆಗೆದುಕೊಳ್ಳಲು ಅನುಮಾನಿಸಿದರು, ತೆಗೆದುಕೊಂಡರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬಂದರೆ, ಇವರು ಯಾರು ಎಂದು ಯಾರೂ ಕೇಳುವ ಮೊದಲೇ ಹೇಳುತ್ತೇನೆ. ಬಾರದಿದ್ದರೆ, ಯಾಕೆ ಬಂದಿಲ್ಲ ಎಂಬುದನ್ನೂ ಎಲ್ಲರ ಎದುರು ನಾನೇ ಹೇಳಬೇಕು.