ಟಗರಿನ ಕೊರಳಿಗೆ ಕಟ್ಟಿದ ಡಬ್ಬಿ

ನಮ್ಮ ಕಡೆ ಮೊಬೈಲು ಬಂದ ಹೊಸತು. ನಾನು ಸಾಂಗಲಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಸರ್ಟಿಫಿಕೇಟು ಇನ್ನೂ ಬಂದಿರಲಿಲ್ಲ, ಸೊಕ್ಕು ಬಂದಿತ್ತು. ಮಾಡಗ್ಯಾಳದ ಸೋದರಮಾವನ ಮನೆಗೆ ಹೋದರೆ ಅಲ್ಲಿ ಗಂಡಹೆಂಡಿರ ಜಗಳ ನಡೆದಿತ್ತು.

"ನಮ್ಮಣ್ಣನ ಮಗಳ ಲಗ್ನ. ಈ ಸಲಾನೂ ನಾ ಒಬ್ಬಾಕೀನ ಹೋಗ್ಲೇನ್ರಿ?" ಎಂದಳು ಅತ್ತೆ.

"ಟಗರು ಯಾರು ಕಾಯಬೇಕು? ಕಳ್ಳರು ಒಯ್ದ್ರ?"

ಮಾವನ ಬೆಲೆಬಾಳುವ ತಳಿಯ ಟಗರಿನ ಮೂಗು ಗಿಳಿಯ ಕೊಕ್ಕಿನಂತೆ ಬಾಗಿತ್ತು. ಮಾವನದೂ ಹಾಗೆಯೇ. ಇಬ್ಬರನ್ನೂ ಅಣಕಿಸಲು ನನಗೆ ಒಂದೇ ಮುಖ ಸಾಕಾಗುತ್ತಿತ್ತು.

"ಚಿಂತಿ ಬಿಡ್ರಿ ಅತ್ತಿ, ನಾ ಒಂದು ಡಬ್ಬಿ ಮಾಡ್ತೀನಿ," ಎಂದೆ.

ಬೆಂಕಿಪೆಟ್ಟಿಗೆಯಷ್ಟು ಡಬ್ಬಿ, ಒಳಗೆ ಅಂಗಿಯ ಗುಂಡಿಯಷ್ಟು ಬ್ಯಾಟರಿ. ಟಗರು ಅಲುಗದಿದ್ದರೆ ಸರ್ಕಿಟ್ಟು ನಿದ್ದೆ ಮಾಡಬೇಕು, ಬ್ಯಾಟರಿ ಉಳಿಯಬೇಕು. ಅಲುಗಿದರೆ ಎದ್ದು ನೋಡಬೇಕು. ಟಗರು ನಡೆಯುತ್ತಲೇ ಇದ್ದರೆ ಪಕ್ಕದ ಮನೆಯ ದರ್ಜಿ ಚಾಚಾನ ಬಳಿ ಇಟ್ಟ ಪೆಟ್ಟಿಗೆ ಕೂಗಬೇಕು. ಗಿಡ್ಡ ಹಗ್ಗದ ಟಗರು ಅಷ್ಟು ನಡೆದರೆ ಯಾರೋ ಬಿಚ್ಚಿದ್ದಾರೆಂದೇ ಅರ್ಥ. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆಂದು ಜಂಬ ಕೊಚ್ಚಿ ಕೊರಳಿಗೆ ಕಟ್ಟಿದೆ. ಮರುದಿನ ಬೆಳಿಗ್ಗೆಗೇ ಅದು ಸತ್ತಿತ್ತು. ಹೊಸದು ಹಾಕಿದೆ. ಅದೂ ಸತ್ತಿತು.

"ನಿನ್ನ ಯಂತ್ರಕ್ಕ ನಿದ್ದಿನ ಬರೂದಿಲ್ಲೇನೋ ಅಳಿಯಾ?" ಎಂದ ಮಾವ. "ನಿನ್ನ ಮ್ಯಾಲ ಹೋಗಿದ್ರ ಮಧ್ಯಾಹ್ನದ ತನಕಾ ಮಲಗಿರತಿತ್ತಲ್ಲ!"

ಅತ್ತೆ ಮುಖ ಸಣ್ಣದು ಮಾಡಿಕೊಂಡಳು. ಡಬ್ಬಿಗೆ ಮೂರನೇ ಬ್ಯಾಟರಿ ಹಾಕಿದೆ. ಅವಳನ್ನು ನಗಿಸೋಣವೆಂದು ಅದನ್ನು ನನ್ನ ಕೊರಳಿಗೇ ಕಟ್ಟಿಕೊಂಡು, ಕಾಲು ಮಡಚಿ ಕುಳಿತು, ಅರೆಗಣ್ಣು ಮುಚ್ಚಿ ಟಗರಿನಂತೆ ಮೆಲುಕು ಹಾಕತೊಡಗಿದೆ.

ಅತ್ತೆ ನಗುನಗುತ್ತಲೇ ಬಗ್ಗಿ ನೋಡಿದಳು. "ಏ, ಕೊಳ್ಳಾಗ ದೀಪ ಹತ್ತಾಕತ್ತೈತಿ ನೋಡೋ!"

ಸರ್ಕಿಟ್ಟು ಎದ್ದಾಗ ಗೊತ್ತಾಗಲೆಂದು ನಾನೇ ಇಟ್ಟಿದ್ದ ಕೆಂಪು ದೀಪ, ದವಡೆ ಆಡಿದಾಗೊಮ್ಮೆ ಮಿನುಗುತ್ತಿತ್ತು! ಮಲಗಿದ ಟಗರು ಅಲುಗುವುದಿಲ್ಲವೆಂದು ಲೆಕ್ಕ ಹಾಕಿದ್ದೆ. ಕುರಿಗಳ ನಡುವೆ ಬೆಳೆದವನು ಮೆಲುಕನ್ನೇ ಮರೆತಿದ್ದೆ.

ದೀಪ ಕಿತ್ತುಹಾಕಿ, ಡಬ್ಬಿಯನ್ನು ಕೊರಳಿನಿಂದ ಹಿಂಗಾಲಿಗೆ ಇಳಿಸಿದೆ. ಲಗ್ನದ ವಾರ ಬಂದರೂ ಬ್ಯಾಟರಿ ಗಟ್ಟಿಯಾಗಿತ್ತು. ನೆಪ ಮುಗಿದ ಮಾವ ತಲೆಗೆ ಪಟಕಾ ಸುತ್ತಿಕೊಂಡು ಅತ್ತೆಯ ಹಿಂದೆ ಎಸ್ಟಿ ಬಸ್ಸು ಹತ್ತಿದ.

ಮರಳಿದವನು ಮನೆಗೂ ಹೋಗದೆ ಚಾಚಾನ ಬಾಗಿಲಲ್ಲಿ ನಿಂತ. "ಪೆಟಗಿ ಎಷ್ಟ ಸಲ ಕೂಗಿತ್ರಿ?"

"ಒಮ್ಮೆನೂ ಇಲ್ರಿ. ಟಗರು ಆರಾಮ ಮಲಗಿತ್ತು."

ಮಾವನ ಮೀಸೆಯೇ ಇಳಿದುಹೋಯಿತು. "ಒಮ್ಮೆನೂ? ನನ್ನ ನೆನಸಿ ಒಂದೀಟು ಹಗ್ಗ ಹರಕೋಬಾರದಾಗಿತ್ತೇನು?"

ಅತ್ತೆ ಬುಟ್ಟಿ ಕೆಳಗಿಟ್ಟಳು. "ನಾ ಒಬ್ಬಾಕಿ ತವರಿಗೆ ಹೋದಾಗೆಲ್ಲ ನೀವೆಷ್ಟ ಹಗ್ಗ ಹರಕೊಂಡ್ರಿ?"